ಮೊದಲ ಲೆದರ್ ಬಾಲ್ ಕೊಳ್ಳುವ ಮುನ್ನ: ಮಲೆನಾಡಿನ ಹೊಸ ಬೌಲರ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಟೆನಿಸ್ ಬಾಲ್‌ನಲ್ಲಿ ವಿಕೆಟ್ ಮೇಲೆ ವಿಕೆಟ್ ಕೀಳುತ್ತಿದ್ದ ಹುಡುಗ ಲೆದರ್ ಬಾಲ್ ಹಿಡಿದ ಕೂಡಲೇ ಹಾದಿ ತಪ್ಪುತ್ತಾನೆ. ಒಂದು ಬಾಲ್ ಲೆಗ್ ಸೈಡಿನಾಚೆ, ಇನ್ನೊಂದು ಬ್ಯಾಟ್ಸ್‌ಮನ್‌ನ ಎದೆಮಟ್ಟಕ್ಕೆ ಫುಲ್ ಟಾಸ್. ವಾರ ಕಳೆಯುವಷ್ಟರಲ್ಲಿ ಭುಜ ನೋವು ಅನ್ನುತ್ತಾನೆ. ತಿಂಗಳಾಗುವಷ್ಟರಲ್ಲಿ ಮತ್ತೆ ಟೆನಿಸ್ ಬಾಲ್‌ಗೇ ಹೋಗಿಬಿಡುತ್ತಾನೆ. ಮನೆಯಲ್ಲೂ ಮೈದಾನದಲ್ಲೂ ಎಲ್ಲರೂ ಹುಡುಗನಿಗೇ ಬುದ್ಧಿ ಹೇಳುತ್ತಾರೆ. ಅವನ ಕೈಯಲ್ಲಿರುವ ಚೆಂಡನ್ನು ತೂಗಿ ನೋಡುವವರು ಕಡಿಮೆ.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆ ಬೇಸಿಗೆ ರಜೆ ಬಂತೆಂದರೆ ಇದೇ ಕಥೆ. ಅಂಗಡಿಗೆ ಹೋಗುತ್ತಾರೆ, ಟಿವಿಯಲ್ಲಿ ಕಾಣುವ ಕಂಪನಿಯ ಹೆಸರು ಹೇಳುತ್ತಾರೆ, ಕೊಟ್ಟಿದ್ದನ್ನು ತರುತ್ತಾರೆ. ಕೈಗೆ ಸರಿಯಾಗುತ್ತದೋ ಇಲ್ಲವೋ ಎನ್ನುವುದು ತಂದ ಮೇಲೆ ಗೊತ್ತಾಗುತ್ತದೆ. ಕ್ರಮ ತಿರುವುಮುರುವಾಗಬೇಕು: ಮೊದಲು ಕೈ, ಆಮೇಲೆ ಆಡುವ ನೆಲ, ಆಮೇಲೆ ಚೆಂಡಿನ ಬಗೆ, ಕಡೆಗೆ ಅಂಗಡಿ. ಕೆಳಗಿನ ಹಂತಗಳು ಇದೇ ಸಾಲಿನಲ್ಲಿವೆ. ಯಾವುದನ್ನೂ ಹಾರಿಸಬೇಡಿ, ಅದರಲ್ಲೂ ಎರಡನೆಯದು ಮತ್ತು ಮೂರನೆಯದನ್ನು.

ಕೈಯಲ್ಲಿ ಇಟ್ಟುಕೊಳ್ಳಬೇಕಾದ್ದು

ಒಂದು ಮೊಳ ದಾರ, ಟೈಲರ್ ಟೇಪು, ಒಂದು ಪೆನ್ಸಿಲ್, ಗ್ರಾಂ ಲೆಕ್ಕದಲ್ಲಿ ತೂಗುವ ಚಿಕ್ಕ ಡಿಜಿಟಲ್ ತಕ್ಕಡಿ. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಪಕ್ಕದ ದಿನಸಿ ಅಂಗಡಿಯಲ್ಲಿ ತೂಗಿಸಿದರಾಯಿತು. ಇವೆಲ್ಲಕ್ಕಿಂತ ಮುಖ್ಯವಾದದ್ದು ಬೌಲಿಂಗ್ ಮಾಡುವವರ ಕೈ. ಮಗನಿಗೆ ಅಥವಾ ಮಗಳಿಗೆ ಅಚ್ಚರಿಯಾಗಲಿ ಎಂದು ಗುಟ್ಟಾಗಿ ಹೋಗಿ ಕೊಂಡು ತರುವ ವಸ್ತು ಇದಲ್ಲ, ಜೊತೆಗೆ ಕರೆದುಕೊಂಡೇ ಹೋಗಿ.

ಹಂತ 1: ಲೆದರ್ ಬಾಲ್‌ಗೆ ಸಮಯ ಬಂದಿದೆಯೇ?

ಟೆನಿಸ್ ಬಾಲ್‌ನಲ್ಲಿ ಒಂದು ಓವರ್ ಪೂರ್ತಿ, ಅಂದರೆ ಆರಕ್ಕೆ ಆರೂ ಬಾಲ್, ಮೊಣಕೈ ಮಡಚದೆ ಹಾಕಲು ಬರುತ್ತದೆಯೇ? ಅದರಲ್ಲಿ ನಾಲ್ಕಾದರೂ ಪಿಚ್ ಮೇಲೆ ನೆಟ್ಟಗೆ ಬೀಳುತ್ತವೆಯೇ? ಬೀಳದಿದ್ದರೆ ಇನ್ನೂ ಒಂದು ಬೇಸಿಗೆ ಕಾಯಿರಿ. ತಪ್ಪು ಆಕ್ಷನ್‌ಗೆ ತೂಕದ ಚೆಂಡು ಸೇರಿದರೆ ಆ ತಪ್ಪು ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಬಿಡಿಸುವುದು ಕೋಚ್‌ಗೂ ಕಷ್ಟ.

ಎರಡನೆಯದು ರಕ್ಷಣೆ. ಎದುರಿಗೆ ಬ್ಯಾಟ್ ಮಾಡುವವರಿಗೆ ಹೆಲ್ಮೆಟ್, ಪ್ಯಾಡ್, ಗ್ಲೌಸ್, ಗಾರ್ಡ್ ಇಲ್ಲದೆ ಲೆದರ್ ಬಾಲ್ ಹೊರಗೆ ತೆಗೆಯಲೇಬಾರದು. "ಮೆಲ್ಲಗೆ ಹಾಕ್ತೀನಿ ಕಣೋ" ಎನ್ನುವ ಮಾತಿಗೆ ಇಲ್ಲಿ ಬೆಲೆಯಿಲ್ಲ. ಮೆಲ್ಲಗೆ ಹಾಕಿದ ಬಾಲ್ ಕೂಡ ಕಲ್ಲಿಗೆ ತಾಗಿದರೆ ಮುಖಕ್ಕೆ ಏಳುತ್ತದೆ.

ಇಲ್ಲೇ ಇನ್ನೊಂದು ಗೊಂದಲ ಬಗೆಹರಿಸಿಕೊಳ್ಳಿ. ನಮ್ಮ ಕಡೆ ಬಹಳ ಅಂಗಡಿಗಳಲ್ಲಿ ಕಾರ್ಕ್ ಬಾಲ್ ಮತ್ತು ಲೆದರ್ ಬಾಲ್ ಎರಡಕ್ಕೂ ಸೇರಿಸಿ ಹಾರ್ಡ್ ಬಾಲ್ ಅಂದುಬಿಡುತ್ತಾರೆ. ಕಾರ್ಕ್ ಬಾಲ್ ಅಗ್ಗ, ಆದರೆ ಅದು ಅಚ್ಚಿನಲ್ಲಿ ಒತ್ತಿ ಮಾಡಿದ ಗಟ್ಟಿ ಉಂಡೆ. ಮೇಲಿನ ಸೀಮ್, ಅಂದರೆ ಚೆಂಡಿನ ನಡುವೆ ಸುತ್ತಲೂ ಉಬ್ಬಿದ ಹೊಲಿಗೆಯ ಪಟ್ಟಿ, ಕೂಡ ಅಚ್ಚಿನದೇ, ಹೊಲಿದದ್ದಲ್ಲ. ಲೆದರ್ ಬಾಲ್‌ನಲ್ಲಿ ಒಳಗೆ ಕಾರ್ಕ್ ತಿರುಳು, ಅದರ ಮೇಲೆ ಬಿಗಿಯಾಗಿ ಸುತ್ತಿದ ನೂಲು, ಅದರ ಮೇಲೆ ಚರ್ಮ. ಆ ನೂಲಿನ ಪದರ ಇರುವುದರಿಂದಲೇ ಪೆಟ್ಟು ಸ್ವಲ್ಪವಾದರೂ ಮೆತ್ತಗಾಗುತ್ತದೆ. ಕಾರ್ಕ್ ಬಾಲ್ ಹೆಚ್ಚು ಗಡುಸು, ಹೆಚ್ಚು ನೆಗೆಯುತ್ತದೆ, ಬೆರಳಿಗೆ ಹಿಡಿತವನ್ನೂ ಕೊಡುವುದಿಲ್ಲ. ಕಲಿಯುವವರ ಕೈಗೆ ಅದು ಬೇಡವೇ ಬೇಡ.

ಹಂತ 2: ತೂಕ ನಿರ್ಧರಿಸಿ

ಇಡೀ ಲೇಖನದಲ್ಲಿ ಒಂದೇ ಹಂತ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

ಮಾಮೂಲಿ ಟೆನಿಸ್ ಬಾಲ್‌ನ ತೂಕ 56ರಿಂದ 59 ಗ್ರಾಂ. ಪುರುಷರ ಕ್ರಿಕೆಟ್‌ನ ಲೆದರ್ ಬಾಲ್ 155.9ರಿಂದ 163 ಗ್ರಾಂ. ಎರಡೂವರೆ ಪಟ್ಟಿಗೂ ಹೆಚ್ಚು. ಹತ್ತು ವರ್ಷದ ಮಗುವಿನ ಭುಜದ ಮೇಲೆ ಒಂದೇ ದಿನದಲ್ಲಿ ಇಷ್ಟು ಭಾರ ಹೊರಿಸಿದರೆ ದೇಹ ತನಗೆ ತಿಳಿದ ಉಪಾಯ ಮಾಡಿಕೊಳ್ಳುತ್ತದೆ. ಮೊಣಕೈ ಮಡಚುತ್ತದೆ, ಸೊಂಟ ಒಂದು ಕಡೆಗೆ ವಾಲುತ್ತದೆ, ಚೆಂಡು ಬೌಲ್ ಆಗುವ ಬದಲು ಎಸೆತವಾಗುತ್ತದೆ. ಕಲಿಕೆ ಕೆಡುವುದು ಇಲ್ಲಿಂದ.

ಹಾಗೆಂದೇ ಕ್ರಿಕೆಟ್‌ನಲ್ಲಿ ಎಲ್ಲರಿಗೂ ಒಂದೇ ಚೆಂಡು ಇಲ್ಲ. ಮಹಿಳೆಯರ ಚೆಂಡು ಸುಮಾರು 140ರಿಂದ 151 ಗ್ರಾಂ, 13 ವರ್ಷದೊಳಗಿನವರದು ಸುಮಾರು 133ರಿಂದ 144 ಗ್ರಾಂ. ಅಂಗಡಿಯಲ್ಲಿ ಇವು ಮೂರು ತೂಕಗಳಾಗಿ ಸಿಗುತ್ತವೆ: 135 ಗ್ರಾಂ, 142 ಗ್ರಾಂ, 156 ಗ್ರಾಂ. ಹೆಚ್ಚಿನ ಚೆಂಡುಗಳ ಮೇಲೆ ಚಿನ್ನದ ಬಣ್ಣದ ಅಕ್ಷರದಲ್ಲಿ ಇದನ್ನು ಒತ್ತಿರುತ್ತಾರೆ.

ಆಯ್ಕೆ ಹೀಗಿರಲಿ. 13 ವರ್ಷದೊಳಗಿನ ಹುಡುಗ ಹುಡುಗಿಯರಿಗೆ 135 ಗ್ರಾಂ, ಅದು ಸಿಗದಿದ್ದರೆ 142 ಗ್ರಾಂ. ಅದಕ್ಕಿಂತ ದೊಡ್ಡ ಹುಡುಗಿಯರಿಗೆ, ವಯಸ್ಸಿಗೆ ಬಂದ ಮಹಿಳೆಯರಿಗೆ 142 ಗ್ರಾಂ. ಅದು ಅವರ ಪಂದ್ಯದ ಚೆಂಡೇ ಆದ್ದರಿಂದ ಮುಂದೆ ಬದಲಾಯಿಸುವ ಪ್ರಮೇಯವೇ ಇಲ್ಲ. 13 ದಾಟಿದ ಹುಡುಗರು 156 ಗ್ರಾಂಗೆ ಹೋಗಬಹುದು, ಆದರೆ ಕೈ ಚಿಕ್ಕದಿದ್ದರೆ ಅಥವಾ ಈಗಷ್ಟೇ ಟೆನಿಸ್ ಬಾಲ್ ಬಿಟ್ಟು ಬಂದಿದ್ದರೆ ಮೊದಲ ಕೆಲವು ತಿಂಗಳು 142 ಗ್ರಾಂನಲ್ಲೇ ಹಾಕಲಿ. ಅದರಿಂದ ನಷ್ಟವೇನೂ ಇಲ್ಲ.

ಮಲೆನಾಡಿನ ಹಳ್ಳಿ ತಂಡಗಳಲ್ಲಿ ಪದೇ ಪದೇ ಆಗುವ ತಪ್ಪು ಒಂದಿದೆ. ದೊಡ್ಡವರು ಟೂರ್ನಿ ಆಡಿ ಬಿಟ್ಟ ಹಳೇ ಬಾಲ್ ಚಿಕ್ಕವರ ಪಾಲಿಗೆ ಬರುತ್ತದೆ. ಹಳತಾಗಿ ಮೆತ್ತಗಾಗಿದೆ, ಮಕ್ಕಳಿಗೆ ಒಳ್ಳೆಯದೇ ಅಂದುಕೊಳ್ಳುತ್ತಾರೆ. ಚರ್ಮ ಮೆತ್ತಗಾಗಿರಬಹುದು, ತೂಕ ಮತ್ತು ಗಾತ್ರ ದೊಡ್ಡವರದೇ. ಸಾಲದ್ದಕ್ಕೆ ಸೀಮ್ ಸವೆದು ಮಟ್ಟಸವಾಗಿರುತ್ತದೆ. ಬೆರಳಿಗೆ ಸೀಮ್ ಸಿಗದಿದ್ದರೆ ಮಗು ಕಲಿಯುವುದಾದರೂ ಏನನ್ನು?

ಹಂತ 3: ಹಿಡಿತ ಪರೀಕ್ಷಿಸಿ

ತೂಕ ಸರಿಯಿದ್ದರೂ ಗಾತ್ರ ಕೈಗೆ ಒಗ್ಗಬೇಕು. ದೊಡ್ಡವರ ಚೆಂಡಿನ ಸುತ್ತಳತೆ 22.4ರಿಂದ 22.9 ಸೆಂ.ಮೀ., ಚಿಕ್ಕವರದು ಸುಮಾರು 20.5ರಿಂದ 22 ಸೆಂ.ಮೀ. ಸಂಖ್ಯೆಯಲ್ಲಿ ಅಲ್ಪ ವ್ಯತ್ಯಾಸ ಅನಿಸಬಹುದು. ಚಿಕ್ಕ ಕೈಗೆ ಅದೇ ದೊಡ್ಡದು.

ವೇಗದ ಬೌಲಿಂಗ್‌ಗೆ ಹೀಗೆ ನೋಡಿ. ಸೀಮ್ ನೆಟ್ಟಗೆ ನಿಲ್ಲುವಂತೆ ಚೆಂಡು ಹಿಡಿಯಲಿ. ತೋರುಬೆರಳು, ನಡುಬೆರಳು ಸೀಮ್‌ನ ಆಚೀಚೆ, ನಡುವೆ ಸಣ್ಣ ಸಂದು. ಹೆಬ್ಬೆರಳಿನ ಪಕ್ಕ ಕೆಳಗಡೆ ಸೀಮ್ ಮೇಲೆ. ಉಂಗುರ ಬೆರಳು ಮಡಚಿ ಪಕ್ಕಕ್ಕೆ ಆನಿಕೊಂಡಿರಬೇಕು, ಅಷ್ಟೇ. ಈಗ ಚೆಂಡಿಗೂ ಅಂಗೈಗೂ ನಡುವಿನ ಸಂದಿಯಲ್ಲಿ ಪೆನ್ಸಿಲ್ ತೂರಿಸಿ. ಸಲೀಸಾಗಿ ಹೋದರೆ ಹಿಡಿತ ಸರಿ. ಚೆಂಡು ಅಂಗೈಗೆ ಕಚ್ಚಿಕೊಂಡಿದ್ದರೆ, ಅಥವಾ ಬೀಳದಂತೆ ತಡೆಯಲು ಉಂಗುರ ಬೆರಳು ತಾನಾಗಿಯೇ ಮೇಲೆ ಹತ್ತುತ್ತಿದ್ದರೆ, ಚೆಂಡು ದೊಡ್ಡದಾಯಿತು.

ಅಲ್ಲಿಗೆ ನಿಲ್ಲಿಸಬೇಡಿ. ಅದೇ ಹಿಡಿತದಲ್ಲಿ ಕೈ ಮುಂದಕ್ಕೆ ಚಾಚಿ, ಅಂಗೈ ನೆಲದ ಕಡೆ ತಿರುಗಿಸಿ, ಹತ್ತು ಎಣಿಸುವವರೆಗೆ ಹಿಡಿದಿರಲಿ. ಉಗುರಿನ ತುದಿ ಬೆಳ್ಳಗಾಗುವಷ್ಟು ಒತ್ತಿ ಹಿಡಿಯುತ್ತಿದ್ದರೆ ಅದೂ ಎಚ್ಚರಿಕೆಯೇ. ಒತ್ತಿ ಹಿಡಿದ ಕೈಯಿಂದ ಚೆಂಡು ಸಲೀಸಾಗಿ ಜಾರಿ ಹೊರಡುವುದಿಲ್ಲ, ಕೊನೇ ಗಳಿಗೆಯಲ್ಲಿ ಅಡ್ಡಡ್ಡ ಹೋಗುತ್ತದೆ. ಲೆಗ್ ಸೈಡಿನ ವೈಡ್‌ಗಳಲ್ಲಿ ಬಹುಪಾಲು ಹೀಗೆ ಹುಟ್ಟಿದವೇ.

ಆಫ್ ಸ್ಪಿನ್ ಹಾಕುವವರಾದರೆ ತೋರುಬೆರಳು, ನಡುಬೆರಳನ್ನು ಸೀಮ್‌ಗೆ ಅಡ್ಡಲಾಗಿ ಅಗಲಿಸಿ ಹಿಡಿಯಲಿ. ಎರಡೂ ಬೆರಳಿನ ಮೇಲಿನ ಗಿಣ್ಣು ಸೀಮ್ ಮೇಲೆ ಕೂರಬೇಕು, ಬೆರಳ ಸಂದಿಯಲ್ಲಿ ಸೆಳೆತ ಬರಬಾರದು. ಲೆಗ್ ಸ್ಪಿನ್‌ಗೆ ಚೆಂಡು ತಿರುಗಿಸುವುದು ಉಂಗುರ ಬೆರಳು. ಅದು ಮಡಚಿಕೊಂಡು ಸೀಮ್‌ಗೆ ಒತ್ತಿ ನಿಲ್ಲಬೇಕು. ನಂತರ ಚೆಂಡನ್ನು ಒಂದು ಕೈಯಿಂದ ಇನ್ನೊಂದು ಕೈಗೆ ತಿರುಗಿಸಿ ಎಸೆಯಲು ಹೇಳಿ. ಕೈ ಜಾರಿ ಮೂರು ನಾಲ್ಕು ಸಲ ಬಿದ್ದರೆ ಒಂದು ಅಳತೆ ಕೆಳಗಿಳಿಯಿರಿ. ಸ್ಪಿನ್ ಕಲಿಯುವ ಮಕ್ಕಳಿಗೆ ಚಿಕ್ಕ ಚೆಂಡು ಎಷ್ಟು ಮುಖ್ಯ ಎಂಬುದನ್ನು ನಾವು ಇನ್ನೂ ಅರ್ಥ ಮಾಡಿಕೊಂಡಿಲ್ಲ ಎನ್ನುವುದು ನನ್ನ ದೃಢ ಅಭಿಪ್ರಾಯ. ದೊಡ್ಡ ಚೆಂಡು ಕೊಟ್ಟಾಗ ಅವರು ತಿರುಗಿಸುವುದನ್ನೇ ಬಿಟ್ಟು ಬರೀ ಹಾಕುತ್ತಾ ಹೋಗುತ್ತಾರೆ. ಒಳ್ಳೆಯ ಸ್ಪಿನ್ನರ್ ಆಗಬೇಕಾದವರು ಎಲ್ಲೂ ಸಲ್ಲದ ಮೀಡಿಯಂ ಪೇಸರ್‌ ಆಗಿಬಿಡುತ್ತಾರೆ.

ಹಂತ 4: ಆಡುವ ನೆಲ ನೋಡಿ

ಶಿವಮೊಗ್ಗದ ನವುಲೆಯ ಕ್ರೀಡಾಂಗಣದಂಥ ಟರ್ಫ್ ಪಿಚ್ (ಹುಲ್ಲು ಬೆಳೆಸಿ ರೋಲರ್ ಹಾಯಿಸಿದ ಅಂಕಣ) ಎಲ್ಲರ ಪಾಲಿಗೂ ಇಲ್ಲ. ನಮ್ಮಲ್ಲಿ ಹೆಚ್ಚಿನವರು ಆಡುವುದು ಮ್ಯಾಟ್ ಮೇಲೆ, ಶಾಲೆಯ ಕೆಮ್ಮಣ್ಣಿನ ಮೈದಾನದಲ್ಲಿ, ಇಲ್ಲವೇ ಕೊಯ್ಲಾದ ಗದ್ದೆಯಲ್ಲಿ.

ಮ್ಯಾಟ್ ಇದ್ದರೆ ಲೆದರ್ ಬಾಲ್ ಧೈರ್ಯವಾಗಿ ತೆಗೆದುಕೊಳ್ಳಿ. ಕಾಯರ್ ಮ್ಯಾಟ್ ಚೆಂಡನ್ನು ಚೆನ್ನಾಗಿ ಕಚ್ಚುತ್ತದೆ, ಸೀಮ್ ಕೆಲಸ ಮಾಡುವುದು ಹೊಸಬರಿಗೂ ಕಾಣುತ್ತದೆ. ಮ್ಯಾಟ್‌ನ ನಾಲ್ಕೂ ಕಡೆ ಗೂಟ ಬಿಗಿಯಾಗಿರಲಿ. ಸುಕ್ಕಿನ ಮೇಲೆ ಬಿದ್ದ ಬಾಲ್ ಎತ್ತ ಏಳುತ್ತದೆಂದು ಹೇಳಲಾಗದು.

ಜಂಬಿಟ್ಟಿಗೆ ಹರಳಿನ ನೆಲ ಚರ್ಮವನ್ನು ಕೆರೆದು ಹಾಕುತ್ತದೆ. ಮ್ಯಾಟ್ ಹಾಸದೆ ಅಲ್ಲಿ ಆಡುವುದಾದರೆ ದುಬಾರಿ ಚೆಂಡು ತರಬೇಡಿ. ಬರೀ ಸಿಮೆಂಟ್ ಅಂಕಣವಂತೂ ಇನ್ನೂ ಕೆಟ್ಟದ್ದು, ಒಂದೇ ಸಂಜೆಯಲ್ಲಿ ಹೊಸ ಚೆಂಡಿನ ಮುಖ ಕಿತ್ತುಬರುತ್ತದೆ. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳಕ್ಕೂ ಇದೇ ಮಾತು. ಗದ್ದೆಯಲ್ಲಿ ಕೂಳೆ ಮತ್ತು ಹೆಂಟೆ ಇರುವಷ್ಟು ದಿನ ಲೆದರ್ ಬಾಲ್ ಬೇಡ, ಚೆಂಡಿನ ಚಿಂತೆಗಿಂತ ಆಡುವವರ ಹಲ್ಲಿನ ಚಿಂತೆ ದೊಡ್ಡದು.

ತೋಟದ ಅಂಚಿನಲ್ಲಿ ಆಡುವವರಿಗೆ ಇನ್ನೊಂದು ವಿಷಯ. ಬಸಿಗಾಲುವೆಗೆ ಒಮ್ಮೆ ಬಿದ್ದು ನೆನೆದ ಲೆದರ್ ಬಾಲ್ ಮೊದಲಿನಂತಾಗುವುದಿಲ್ಲ. ನೀರು ಕುಡಿದು ಭಾರವಾಗುತ್ತದೆ, ಚರ್ಮ ಉಬ್ಬುತ್ತದೆ, ಹೊಲಿಗೆ ಹಿಗ್ಗುತ್ತದೆ. ಆ ಕಡೆ ಒಂದು ಬಲೆ ಕಟ್ಟುವ ಖರ್ಚು ಒಂದೆರಡು ಚೆಂಡಿನಲ್ಲಿ ಹುಟ್ಟುತ್ತದೆ.

ಹಂತ 5: ಎರಡು ಪೀಸೋ, ನಾಲ್ಕು ಪೀಸೋ?

ಚರ್ಮದ ಎರಡು ಬಟ್ಟಲುಗಳನ್ನು ಜೋಡಿಸಿ ಹೊಲಿದದ್ದು ಎರಡು ಪೀಸಿನ ಚೆಂಡು. ಪ್ರತಿ ಬಟ್ಟಲನ್ನೂ ಎರಡೆರಡು ತುಂಡಿನಿಂದ ಮಾಡಿ, ಆಮೇಲೆ ಜೋಡಿಸಿದರೆ ನಾಲ್ಕು ಪೀಸಿನದು. ಗುರುತು ಹಿಡಿಯುವುದು ಸುಲಭ: ಸೀಮ್ ಬಿಟ್ಟು ಚೆಂಡಿನ ಕೆನ್ನೆಯ ಮೇಲೆ ನೋಡಿ. ಸೀಮ್‌ಗೆ ಅಡ್ಡವಾಗಿ ಕೂದಲೆಳೆಯಂಥ ಗೆರೆ ಕಂಡರೆ ನಾಲ್ಕು ಪೀಸು, ನುಣ್ಣಗೆ ಒಂದೇ ಮುಖವಾಗಿದ್ದರೆ ಎರಡು ಪೀಸು.

ನಾಲ್ಕು ಪೀಸಿನದು ದುಂಡಗಿನ ಆಕಾರವನ್ನು ಹೆಚ್ಚು ದಿನ ಉಳಿಸಿಕೊಳ್ಳುತ್ತದೆ, ಬೆಲೆಯೂ ಜಾಸ್ತಿ. ದೊಡ್ಡ ಪಂದ್ಯಗಳಲ್ಲಿ ಬಳಸುವುದು ಇದನ್ನೇ. ಹೊಸಬರಿಗೆ ನನ್ನ ಸಲಹೆ: ಒಂದೇ ಒಂದು ದುಬಾರಿ ಚೆಂಡಿಗೆ ಇರುವ ದುಡ್ಡೆಲ್ಲ ಸುರಿಯಬೇಡಿ. ಆ ಹಣದಲ್ಲಿ ಮಧ್ಯಮ ದರದ ಎರಡು ಚೆಂಡು ತನ್ನಿ. ಮ್ಯಾಟ್ ಅಥವಾ ಟರ್ಫ್ ಇದ್ದರೆ ಸಾಧಾರಣ ದರದ ನಾಲ್ಕು ಪೀಸಿನವು, ಒರಟು ನೆಲವಾದರೆ ಎರಡು ಪೀಸಿನವು. ಭಾರತದ ಟೆಸ್ಟ್ ಪಂದ್ಯಗಳಲ್ಲಿ, ರಣಜಿಯಲ್ಲಿ ಬಳಸುವ ಎಸ್‌ಜಿ ಟೆಸ್ಟ್ ಚೆಂಡಿನ ಆಸೆ ಹುಡುಗರಿಗೆ ಸಹಜ. ಅದರ ಕೈಹೊಲಿಗೆಯ ಎತ್ತರದ ಸೀಮ್ ಚೆಂದವೇ. ಆದರೆ ಆ ಸೀಮ್‌ನಿಂದ ಕೆಲಸ ತೆಗೆಯಲು ಮೊದಲು ಒಂದೇ ಜಾಗಕ್ಕೆ ಹಾಕಲು ಬರಬೇಕು. ಕೆಮ್ಮಣ್ಣಿನಲ್ಲಿ ಅದನ್ನು ಸವೆಸುವುದು ಹಣ ಚೆಲ್ಲಿದಂತೆ.

ಬಣ್ಣದ ಬಗ್ಗೆ ಜಾಸ್ತಿ ಯೋಚನೆ ಬೇಡ, ಕೆಂಪು ತನ್ನಿ. ಬಿಳಿ ಚೆಂಡು ನಮ್ಮ ಮಣ್ಣಿನಲ್ಲಿ ಎರಡೇ ಓವರಿಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ಆಡಲಿರುವ ಟೂರ್ನಿಯೇ ಬಿಳಿ ಚೆಂಡಿನದಾದರೆ ಮಾತ್ರ ಅದು.

ಹಂತ 6: ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ಅಡಿಕೆ ಮಂಡಿಯಲ್ಲಿ ಚೀಲಕ್ಕೆ ಕೈಹಾಕಿ ನೋಡದೆ ಯಾರೂ ದರ ಹೇಳುವುದಿಲ್ಲ. ಚೆಂಡನ್ನೂ ಹಾಗೇ ಕೊಳ್ಳಬೇಕು. ಸಂಕೋಚ ಬೇಡ. "ಅಣ್ಣಾ, 142 ಗ್ರಾಂದು ನಾಲ್ಕು ಪೀಸಿನ ಲೆದರ್ ಬಾಲ್ ಬೇಕು, ಮೂರ್ನಾಲ್ಕು ತೋರಿಸಿ" ಎಂದು ತೂಕ, ಬಗೆ ಎರಡನ್ನೂ ಮೊದಲೇ ಹೇಳಿ. "ಹುಡುಗರಿಗಾ? ಇದೇ ನಡೆಯುತ್ತೆ ತಗೊಳ್ಳಿ" ಎಂದು ಮುಂದಿಟ್ಟದ್ದು ಬಹುಮಟ್ಟಿಗೆ 156 ಗ್ರಾಂನದೇ ಆಗಿರುತ್ತದೆ. ನಿಮಗೆ ಬೇಕಾದ ತೂಕ ಇಲ್ಲದಿದ್ದರೆ ತರಿಸಿಕೊಡಲು ಹೇಳಿ ವಾಪಸ್ ಬನ್ನಿ.

ಶೋಕೇಸ್‌ನಲ್ಲಿ ಬಿಸಿಲಿಗೆ ಕೂತ ಚೆಂಡು ಬೇಡ, ಒಳಗಿನ ಪೆಟ್ಟಿಗೆಯಿಂದ ತೆಗೆಸಿ. ನಂತರ ಒಂದೊಂದನ್ನೇ ಹೀಗೆ ನೋಡಿ:

1. ತೂಗಿ. ಒತ್ತಿರುವ ಸಂಖ್ಯೆಯನ್ನೇ ನಂಬಬೇಡಿ. ಕೊಳ್ಳುವ ಚೆಂಡಿನ ತೂಕ ಬರೆದಿಟ್ಟುಕೊಳ್ಳಿ. ಎರಡು ಮೂರು ಗ್ರಾಂ ಹೆಚ್ಚುಕಮ್ಮಿ ಇರಲಿ, ಹತ್ತು ಗ್ರಾಂ ವ್ಯತ್ಯಾಸವಿದ್ದರೆ ಬಿಟ್ಟುಬಿಡಿ.

2. ದಾರ ಸುತ್ತಿ ಅಳೆಯಿರಿ. ಒಮ್ಮೆ ಸೀಮ್ ಗುಂಟ, ಒಮ್ಮೆ ಸೀಮ್‌ಗೆ ಅಡ್ಡಲಾಗಿ. ಎರಡರ ನಡುವೆ ಅರ್ಧ ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಚೆಂಡು ದುಂಡಗಿಲ್ಲ.

3. ಗಾಜಿನ ಕೌಂಟರ್ ಮೇಲೆ ಸೀಮ್ ನೆಟ್ಟಗೆ ನಿಲ್ಲಿಸಿ ಮೆಲ್ಲಗೆ ಉರುಳಿಸಿ. ಒಳ್ಳೆಯ ಚೆಂಡು ಸೀಮ್ ಮೇಲೇ ಒಂದೆರಡು ಗೇಣು ಹೋಗಿ ಆಮೇಲೆ ವಾಲುತ್ತದೆ. ಹೊರಟ ಕೂಡಲೇ ಒಂದೇ ಕಡೆಗೆ ಎಳೆದರೆ ಇನ್ನೊಮ್ಮೆ ತಿರುಗಿಸಿ ಉರುಳಿಸಿ. ಮತ್ತೆ ಚೆಂಡಿನ ಅದೇ ಮಗ್ಗುಲಿಗೆ ಎಳೆದರೆ ತೂಕ ಒಂದು ಕಡೆಗಿದೆ, ಅಥವಾ ಎರಡು ಬಟ್ಟಲು ಸರಿಯಾಗಿ ಕೂತಿಲ್ಲ.

4. ಸೀಮ್ ಓದಿ. ಸಾಮಾನ್ಯವಾಗಿ ಆರು ಸಾಲು ಹೊಲಿಗೆ, ನಡುಗೆರೆಯ ಆಚೀಚೆ ಮೂರು ಮೂರು. ಹೆಬ್ಬೆರಳ ಉಗುರನ್ನು ಸೀಮ್ ಉದ್ದಕ್ಕೂ ಒಂದು ಸುತ್ತು ಎಳೆದುಕೊಂಡು ಬನ್ನಿ. ಎಲ್ಲ ಕಡೆ ಒಂದೇ ಎತ್ತರ, ಒಂದೇ ಬಿಗಿ ಇರಬೇಕು. ಉಗುರು ಒಂದು ಕಡೆ ದಾರದ ಕೆಳಗೆ ಹೊಕ್ಕರೆ ಆ ಹೊಲಿಗೆ ಸಡಿಲ, ಬಿಚ್ಚಿಕೊಳ್ಳುವುದು ಅಲ್ಲಿಂದಲೇ. ದಾರದ ತುದಿ ಹೊರಗೆ ಇಣುಕಬಾರದು.

5. ಎರಡೂ ಹೆಬ್ಬೆರಳಿನಿಂದ ಕೆನ್ನೆ ಒತ್ತಿ. ಒಂದಿಷ್ಟೂ ತಗ್ಗಬಾರದು. ಚರ್ಮ ಒಳಗಿನಿಂದ ಬಿಟ್ಟುಕೊಂಡು ಪದರ ಜಾರಿದಂತಾದರೆ ಅದು ಬೇಗ ಉಬ್ಬುತ್ತದೆ.

6. ಮೂಸಿ ನೋಡಿ, ಹೊಲಿಗೆಯ ಸಂದು ನೋಡಿ. ಮಳೆಗಾಲ ಕಳೆದು ಬಂದ ಹಳೆಯ ದಾಸ್ತಾನಿನಲ್ಲಿ ಬೂಷ್ಟಿನ ವಾಸನೆ, ದಾರದ ನಡುವೆ ಬಿಳಿ ಹುಡಿ ಕಾಣುತ್ತದೆ. ಎಷ್ಟೇ ರಿಯಾಯಿತಿ ಕೊಟ್ಟರೂ ಬೇಡ.

ಇವೆಲ್ಲ ಮುಗಿದ ಮೇಲೆ ಉಳಿದ ಒಂದೆರಡು ಚೆಂಡನ್ನು ಮಗುವಿನ ಕೈಗೆ ಕೊಟ್ಟು ಮೂರನೆಯ ಹಂತದ ಪೆನ್ಸಿಲ್ ಪರೀಕ್ಷೆ ಮಾಡಿಸಿ. ಯಾವುದು ಕೈಗೆ ಹಿತ ಅನಿಸಿತೋ ಅದು. ಇಷ್ಟಕ್ಕೆಲ್ಲ ಕಾಲು ಗಂಟೆ ಸಾಕು.

ಆನ್‌ಲೈನ್‌ನಲ್ಲಿ ತರಿಸುವವರು ಗ್ರಾಂ ಲೆಕ್ಕದಲ್ಲಿ ತೂಕ ಬರೆಯದ ಚೆಂಡನ್ನು ಒತ್ತಲೇಬೇಡಿ. ವಾಪಸ್ ತೆಗೆದುಕೊಳ್ಳುತ್ತಾರೆಯೇ ನೋಡಿಕೊಳ್ಳಿ, ಬಂದ ದಿನವೇ ಇವೇ ಪರೀಕ್ಷೆ ಮಾಡಿ.

ಹಂತ 7: ಮೊದಲ ಎರಡು ವಾರ

ಹೊಸ ಚೆಂಡಿನ ಮೇಲೆ ಮೆರುಗು ಇರುತ್ತದೆ, ಅದು ಜಾರುತ್ತದೆ. ಒಣ ಹತ್ತಿ ಬಟ್ಟೆಯಿಂದ ಚೆನ್ನಾಗಿ ಉಜ್ಜಿ. ಮೊದಲ ದಿನ ಬೌಲಿಂಗ್ ಬೇಡ. ಐದಾರು ಮಾರು ದೂರದಲ್ಲಿ ಇಬ್ಬರು ನಿಂತು, ಸೀಮ್ ನೆಟ್ಟಗಿಟ್ಟು, ಬರೀ ಮಣಿಕಟ್ಟಿನಿಂದ ಒಬ್ಬರಿಗೊಬ್ಬರು ಎಸೆಯಲಿ. ಗಾಳಿಯಲ್ಲಿ ಸೀಮ್ ಅಲುಗಾಡದೆ ನಿಂತು ಹಿಂದಕ್ಕೆ ಸುತ್ತುತ್ತಾ ಹೋಗಬೇಕು. ಅಲುಗಾಡಿದರೆ ಯಾವ ಬೆರಳು ಕಡೆಗೆ ಬಿಡುತ್ತಿದೆ ಎಂದು ಹುಡುಗನಿಗೇ ತಿಳಿಯುತ್ತದೆ. ಈ ಆಟ ಬೇಸರ ತರಿಸುವಂಥದು, ಆದರೂ ಮಾಡಿಸಿ. ಟೆನಿಸ್ ಬಾಲ್‌ನಲ್ಲಿ ಸೀಮ್ ಎಂಬುದೇ ಇರಲಿಲ್ಲ, ಬೆರಳಿಗೆ ಅದರ ಪರಿಚಯ ಆಗಬೇಕಾದದ್ದು ಇಲ್ಲೇ.

ಎರಡನೆಯ ದಿನದಿಂದ ದೂರ ಕಡಿಮೆ ಮಾಡಿ ಬೌಲಿಂಗ್. ಪೂರ್ತಿ ಪಿಚ್ 22 ಗಜ. 12 ವರ್ಷದೊಳಗಿನವರು 18 ಗಜದಿಂದ ಹಾಕಲಿ, ದೊಡ್ಡವರೂ ಮೊದಲ ವಾರ 20 ಗಜಕ್ಕೆ ಬರಲಿ. ಬ್ಯಾಟ್ಸ್‌ಮನ್ ಬೇಡ. ಗುಡ್ ಲೆಂತ್ ಜಾಗದಲ್ಲಿ, ಅಂದರೆ ಮುಂದೆ ಹೋಗಿ ಆಡಬೇಕೋ ಹಿಂದೆ ಸರಿದು ಆಡಬೇಕೋ ಎಂದು ಬ್ಯಾಟ್ ಮಾಡುವವರು ಗೊಂದಲಕ್ಕೆ ಬೀಳುವ ಜಾಗದಲ್ಲಿ, ಒಂದು ಟವೆಲ್ ಹಾಸಿ ಅದರ ಮೇಲೆ ಬೀಳಿಸಲಿ. ದಿನಕ್ಕೆ ಎರಡು ಮೂರು ಓವರ್ ಸಾಕು, ಮಧ್ಯೆ ಒಂದು ದಿನ ಬಿಡುವು ಇರಲಿ. ಉಳಿದ ಆಸೆಯನ್ನು ಟೆನಿಸ್ ಬಾಲ್‌ನಲ್ಲಿ ತೀರಿಸಿಕೊಳ್ಳಬಹುದು. ಎರಡನೆಯ ವಾರ ಬಾಲ್ ಹಾಕುವ ಮುಂಚಿನ ಓಟ (ರನ್‌ಅಪ್) ಪೂರ್ತಿ ಮಾಡಿ, ಆಮೇಲೆ ದೂರ ಹೆಚ್ಚಿಸಿ. ಓಟ, ದೂರ, ಓವರ್ ಮೂರನ್ನೂ ಒಟ್ಟಿಗೆ ಏರಿಸಬಾರದು.

ಈ ಎರಡು ವಾರ ಕಣ್ಣಿಡಬೇಕಾದ ಸೂಚನೆಗಳಿವೆ. ಭುಜದ ಮುಂಭಾಗದಲ್ಲಿ ಅಥವಾ ಸೊಂಟದಲ್ಲಿ ನೋವು ಮರುದಿನ ಬೆಳಗ್ಗೆಯೂ ಇದ್ದರೆ ನಿಲ್ಲಿಸಿ, ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ. ಎಣ್ಣೆ ತಿಕ್ಕಿ ಮತ್ತೆ ಆಡಿಸುವುದು ಸರಿಯಲ್ಲ. ಪಕ್ಕದಿಂದ ಮೊಬೈಲ್‌ನಲ್ಲಿ ವಿಡಿಯೋ ತೆಗೆದು ನಿಧಾನವಾಗಿ ಓಡಿಸಿ ನೋಡಿ. ಟೆನಿಸ್ ಬಾಲ್‌ನಲ್ಲಿ ನೆಟ್ಟಗಿದ್ದ ಕೈ ಈಗ ಮಡಚಿ ಬಿಚ್ಚುತ್ತಿದೆಯೇ? ಐಸಿಸಿ ನಿಯಮದಲ್ಲಿ ಮೊಣಕೈ ನೇರವಾಗಲು ಅವಕಾಶ ಇರುವುದು 15 ಡಿಗ್ರಿಯವರೆಗೆ ಮಾತ್ರ. ಮಗುವಿನ ವಿಷಯದಲ್ಲಿ ಡಿಗ್ರಿ ಅಳೆಯುತ್ತಾ ಕೂರಬೇಡಿ, ಕಣ್ಣಿಗೆ ಕಾಣುವಷ್ಟು ಮಡಚಿದರೆ ಚೆಂಡು ಭಾರವಾಗಿದೆ ಎಂದೇ ತಿಳಿದು ಒಂದು ತೂಕ ಇಳಿಸಿ. ಚೆಂಡು ಇಳಿಸುವುದು ಅವಮಾನ ಎಂದು ಮಕ್ಕಳು ಅಂದುಕೊಳ್ಳುತ್ತಾರೆ, ಪಕ್ಕದಲ್ಲಿರುವ ದೊಡ್ಡವರು ಆ ಭಾವನೆ ಬೆಳೆಯದಂತೆ ನೋಡಿಕೊಳ್ಳಬೇಕು.

ಹಂತ 8: ಮಳೆ, ಇಬ್ಬನಿ, ಬೂಷ್ಟು

ಬಯಲುಸೀಮೆಯವರಿಗೆ ಬೇಕಿಲ್ಲದ, ನಮಗೆ ಬೇಕೇ ಬೇಕಾದ ಹಂತ ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆದರ್ ಬಾಲ್ ಹೊರಗೆ ತೆಗೆಯದಿರುವುದೇ ಕ್ಷೇಮ. ಆ ತಿಂಗಳುಗಳಿಗೆ ಸೀಮ್ ಇರುವ ಸಿಂಥೆಟಿಕ್ ಬಾಲ್ ಒಂದನ್ನು ಬೇರೆಯಾಗಿ ತನ್ನಿ. ಅದು ನೀರು ಕುಡಿಯುವುದಿಲ್ಲ. ನಿಮ್ಮ ಲೆದರ್ ಬಾಲ್‌ನ ತೂಕಕ್ಕೆ ಹತ್ತಿರದ್ದೇ ಆಗಿರಲಿ, ಇಲ್ಲದಿದ್ದರೆ ಅಕ್ಟೋಬರ್‌ನಲ್ಲಿ ಮತ್ತೆ ಮೊದಲಿನಿಂದ ಕೈ ಪಳಗಿಸಬೇಕು.

ಮಳೆ ಹೋದ ಮೇಲೆ ಇಬ್ಬನಿ. ಚಳಿಗಾಲದ ಬೆಳಗ್ಗೆ ಹುಲ್ಲಿನ ಮೇಲೆ ಒಮ್ಮೆ ಉರುಳಿದ ಚೆಂಡು ಒದ್ದೆಯಾಗಿಯೇ ಕೈಗೆ ಬರುತ್ತದೆ. ಬಿಸಿಲೇರಿ ಹುಲ್ಲು ಒಣಗುವವರೆಗೆ ಕಾಯಿರಿ, ಅಷ್ಟು ಹೊತ್ತು ಸಿಂಥೆಟಿಕ್‌ನಲ್ಲಿ ಹಾಕಬಹುದು.

ಇಷ್ಟಾಗಿಯೂ ನೆನೆದರೆ ಏನು ಮಾಡಬೇಕು? ಬಹಳ ಮನೆಗಳಲ್ಲಿ ಮಾಡುವುದು ಬಚ್ಚಲೊಲೆಯ ಕಟ್ಟೆಯ ಮೇಲೆ ಇಡುವುದನ್ನು. ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ ನಿಜ, ಜೊತೆಗೆ ಚರ್ಮ ಸೆಟೆದು ಸಣ್ಣಗೆ ಬಿರುಕು ಬಿಟ್ಟಿರುತ್ತದೆ. ಸುಡುಬಿಸಿಲಿನಲ್ಲಿಟ್ಟರೂ ಇದೇ ಗತಿ. ಸರಿಯಾದ ಕ್ರಮ ನಿಧಾನದ್ದು: ಹತ್ತಿ ಬಟ್ಟೆಯಿಂದ ಒತ್ತಿ ಒತ್ತಿ ನೀರು ತೆಗೆಯಿರಿ, ಸೀಮ್‌ನಲ್ಲಿ ಕೂತ ಮಣ್ಣನ್ನು ಹಳೇ ಟೂತ್‌ಬ್ರಶ್‌ನಿಂದ ಬಿಡಿಸಿ, ಗಾಳಿಯಾಡುವ ನೆರಳಿನಲ್ಲಿ ಒಂದೆರಡು ದಿನ ಬಿಡಿ. ಮತ್ತೆ ತೂಗಿ. ಕೊಂಡ ದಿನದ ತೂಕಕ್ಕೆ ಬಂದ ಮೇಲೇ ಆಡಲು ತೆಗೆಯಿರಿ. ಕೊಂಡ ದಿನ ತೂಕ ಬರೆದಿಟ್ಟುಕೊಳ್ಳಿ ಎನ್ನುವುದು ಇದಕ್ಕೇ.

ಕೊಬ್ಬರಿ ಎಣ್ಣೆ ಹಚ್ಚಬೇಡಿ. ಹೊಳಪು ಬಂದಂತೆ ಕಾಣುತ್ತದೆ, ಆದರೆ ಚರ್ಮ ಮೆತ್ತಗಾಗಿ ಮಣ್ಣು ಹಿಡಿಯುತ್ತದೆ. ಪಂದ್ಯದಲ್ಲಂತೂ ಚೆಂಡಿಗೆ ಇಂಥದ್ದೇನನ್ನೂ ಹಚ್ಚುವಂತಿಲ್ಲ. ಉಗುಳು ಹಚ್ಚುವ ಅಭ್ಯಾಸವನ್ನೂ ಕಲಿಸಬೇಡಿ, 2022ರಿಂದ ಐಸಿಸಿ ನಿಯಮದಲ್ಲಿ ಅದಕ್ಕೂ ಕಾಯಂ ನಿಷೇಧವಿದೆ. ಬೆವರು ಮತ್ತು ಬಟ್ಟೆ ಸಾಕು.

ಇಡುವ ಜಾಗವೂ ಮುಖ್ಯ. ಒದ್ದೆ ಪ್ಯಾಡ್, ಗ್ಲೌಸ್ ಜೊತೆ ಕಿಟ್ ಬ್ಯಾಗಿನಲ್ಲಿ, ಅಥವಾ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಬೂಷ್ಟು ಖಂಡಿತ. ಹಳೆಯ ಹತ್ತಿಯ ಕಾಲುಚೀಲದೊಳಗೆ ಹಾಕಿ, ಒಳಕೋಣೆಯಲ್ಲಿ ಗಾಳಿ ಬರುವ ಕಡೆ ಮೊಳೆಗೆ ತೂಗುಹಾಕಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆದು ಒಣಬಟ್ಟೆಯಿಂದ ಒರೆಸಿ.

ಹಂತ 9: ಯಾವಾಗ ಬದಲಾಯಿಸಬೇಕು?

ಹೊಲಿಗೆ ಒಂದು ಕಡೆ ಬಿಚ್ಚಿ ದಾರ ನೇತಾಡಿದರೆ, ನಾಲ್ಕು ಪೀಸಿನ ಕೆನ್ನೆಯ ಗೆರೆ ಬಾಯಿಬಿಟ್ಟರೆ, ಗಾಜಿನ ಮೇಲೆ ಉರುಳಿಸಿದಾಗ ಕುಂಟಿದರೆ, ಅದರಲ್ಲಿ ಬೌಲಿಂಗ್ ಕಲಿಯುವುದು ಮುಗಿಯಿತು. ಎಸೆಯಬೇಡಿ. ಕ್ಯಾಚ್ ಮತ್ತು ಥ್ರೋ ಅಭ್ಯಾಸಕ್ಕೆ ಇನ್ನೂ ಕೆಲವು ತಿಂಗಳು ಬರುತ್ತದೆ. ಬರೀ ಹೊಳಪು ಹೋದದ್ದು ಬದಲಾಯಿಸಲು ಕಾರಣವೇ ಅಲ್ಲ. ಮೆರುಗಿಲ್ಲದ, ಸೀಮ್ ಗಟ್ಟಿಯಿರುವ ಚೆಂಡು ಕಲಿಯುವವರಿಗೆ ಹೊಸದಕ್ಕಿಂತ ಚೆನ್ನಾಗಿ ಕೈಗೆ ಕೂರುತ್ತದೆ.

ತೂಕ ಏರಿಸುವುದಕ್ಕೆ ಬೇರೆ ಲೆಕ್ಕ. ಹುಟ್ಟುಹಬ್ಬ ಬಂತು ಎಂದು ಏರಿಸಬೇಡಿ. ಈಗಿರುವ ಚೆಂಡಿನಲ್ಲಿ ಪೂರ್ತಿ ದೂರದಿಂದ ಮೂರು ಓವರ್ ಹಾಕಿದಾಗ ಹೆಚ್ಚಿನ ಬಾಲ್‌ಗಳು ಟವೆಲ್‌ನ ಆಸುಪಾಸಿಗೆ ಬೀಳಬೇಕು, ಮರುದಿನ ನೋವಿರಬಾರದು, ವಿಡಿಯೋದಲ್ಲಿ ಕೈ ನೆಟ್ಟಗಿರಬೇಕು, ದೊಡ್ಡ ಚೆಂಡು ಹಿಡಿದಾಗ ಪೆನ್ಸಿಲ್ ತೂರಬೇಕು. ನಾಲ್ಕೂ ಕೂಡಿಬಂದ ಮೇಲೆ ಹೊಸ ತೂಕದ ಚೆಂಡು ತಂದು ಏಳನೆಯ ಹಂತವನ್ನು ಮೊದಲ ದಿನದಿಂದ ಮತ್ತೆ ಶುರು ಮಾಡಿ. ಚಿಕ್ಕ ಚೆಂಡನ್ನು ಆ ಎರಡು ವಾರ ಕಿಟ್‌ನಿಂದ ಹೊರಗೇ ಇಡಿ. ಎರಡನ್ನೂ ಒಂದೇ ದಿನ ಹಾಕಿದರೆ ಕೈಗೆ ಯಾವ ತೂಕವೂ ಒಗ್ಗುವುದಿಲ್ಲ.